ಧರ್ಮಕ್ಕೆ ಬಂದ ಕರೆಂಟು

ಪುಕ್ಕಟೆ ಸಿಕ್ಕಿದ್ದಕ್ಕೆ ನಮ್ಮ ಕಡೆ ‘ಧರ್ಮಕ್ಕೆ ಸಿಕ್ಕಿದ್ದು’ ಎನ್ನುತ್ತೇವೆ. ತರಕಾರಿ ಕೊಂಡಾಗ ಅಂಗಡಿಯವ ಒಂದು ಎಸಳು ಕರಿಬೇವಿನ ಸೊಪ್ಪು ಹಾಕಿಕೊಟ್ಟರೆ ಅದು ಧರ್ಮಕ್ಕೆ. ಆಧಾರ್ ಕಾರ್ಡ್ ತೋರಿಸಿ ಸರ್ಕಾರಿ ಬಸ್ಸಿನಲ್ಲಿ ಉಜಿರೆಗೆ ಹೋದರೆ ಅದೂ ಧರ್ಮಕ್ಕೆ. ಘಟ್ಟದ ಮೇಲಿನ ಗೆಳತಿಯೊಬ್ಬಳು ಇದನ್ನು ಕೇಳಿ, ನಿಮ್ಮ ಜಿಲ್ಲೆಯಲ್ಲಿ ಧರ್ಮಕ್ಕೇನೂ ಬರ ಇಲ್ಲ ಬಿಡು ಎಂದು ನಕ್ಕಿದ್ದಳು. ನಗಲಿ. ಈ ಒಂದು ಶಬ್ದ ನನ್ನ ಭಾವನ ಜೀವಕ್ಕೇ ಕುತ್ತು ತರುವುದರಲ್ಲಿತ್ತು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಭಾವ ಎಂದರೆ ನನ್ನ ಅಕ್ಕನ ಗಂಡ. ಮನೆ ಕಕ್ಕಿಂಜೆ ಪೇಟೆಯಿಂದ ಸ್ವಲ್ಪ ಒಳಗೆ, ಚಾರ್ಮಾಡಿ ಘಾಟಿಯ ಬುಡದಲ್ಲಿ. ಗಲ್ಫಿನಲ್ಲಿ ಕಟ್ಟಡ ಕೆಲಸದವರ ಕ್ಯಾಂಪಿಗೆ ಕರೆಂಟು ಕೊಡುವ ಡೀಸೆಲ್ ಜನರೇಟರುಗಳನ್ನು ವರ್ಷಾನುಗಟ್ಟಲೆ ನೋಡಿಕೊಂಡು, ಅರ್ಧ ಶ್ವಾಸಕೋಶವನ್ನು ಅಲ್ಲಿಯೇ ಬಿಟ್ಟು ಬಂದವರು. ಬಂದ ಮೇಲೆ ಕೆಮ್ಮು, ಆಮೇಲೆ ದಮ್ಮು, ಕೊನೆಗೆ ಒಂದು ಆಕ್ಸಿಜನ್ ಮೆಶಿನ್. ಗಾಳಿಯಿಂದಲೇ ಆಮ್ಲಜನಕ ಹೆಕ್ಕಿ ಮೂಗಿಗೆ ಬಿಡುವ ಆ ಪೆಟ್ಟಿಗೆ ನಡೆಯುವುದು ಕರೆಂಟಿನಲ್ಲಿ. ಹಗಲು ರಾತ್ರಿ ಗುರುಗುರು ಎನ್ನುತ್ತ ಮನೆಯೆದುರಿನ ಸಿಟೌಟಿನಲ್ಲಿ ಅವರ ಕುರ್ಚಿಯ ಪಕ್ಕ ಕೂತಿರುತ್ತದೆ. ಮಾತು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದರು. ಪಾಪ, ಆ ಡಾಕ್ಟರಿಗೆ ನಮ್ಮ ಭಾವನ ಪರಿಚಯ ಇರಲಿಲ್ಲ.

ಪ್ರಾಯದಲ್ಲಿ ಅವರು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲಿಂದಲೇ ಎದುರಾಳಿಯನ್ನು ಮಾತಿನಲ್ಲಿ ಕಟ್ಟಿಹಾಕಬೇಕು. ಇವತ್ತು ಕೃಷ್ಣನ ಪರ ಮಾತಾಡಿದವರೇ ನಾಳೆ ಕೌರವನ ಪರ ಮಾತಾಡಿ ಸೈ ಎನಿಸಿಕೊಳ್ಳಬೇಕು. ಆ ಚಟ ಬಿಟ್ಟಿರಲಿಲ್ಲ. ಎದುರಾಳಿಯಾಗಿ ದಿನಾ ಸಂಜೆ ಬರುತ್ತಿದ್ದವರು ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಬ್ಯಾರಿ, ಎಂದರೆ ನಮ್ಮ ಕರಾವಳಿಯ ಮುಸ್ಲಿಮರು. ನಾವೆಲ್ಲ ಅವರನ್ನು ಕಾಕ ಎನ್ನುತ್ತೇವೆ. ಗಲ್ಫಿನ ಅದೇ ಕ್ಯಾಂಪಿನಲ್ಲಿ ಭಾವನ ಮೇಲಿನ ಮಂಚದಲ್ಲಿ ಮಲಗುತ್ತಿದ್ದವರು. ಇಬ್ಬರ ಜಗಳವೂ ತುಳುವಿನಲ್ಲಿ. ಅದನ್ನು ಕನ್ನಡದಲ್ಲಿ ಬರೆಯುವಾಗ ಅರ್ಧ ಖಾರ ಹೋಗುತ್ತದೆ, ಏನು ಮಾಡಲಿ.

ಜಗಳದ ವಿಷಯ ಸಬ್ಸಿಡಿ. ಹಳೆ ಡೀಸೆಲ್ಲಿನ ಕಾಲ ಮುಗಿಯಬೇಕು, ಸೂರ್ಯನಿಂದ ನೀರಿನಿಂದ ಕರೆಂಟು ಬರಬೇಕು ಎನ್ನುವುದರಲ್ಲಿ ಇಬ್ಬರಿಗೂ ಒಂದೇ ಅಭಿಪ್ರಾಯ. ಹೊಗೆಯ ರುಚಿ ಇಬ್ಬರೂ ನೋಡಿದ್ದರು. ಆದರೆ ಅದಕ್ಕೆ ಸರ್ಕಾರ ಕೈ ಹಾಕಿ ಹಣ ಕೊಡಬೇಕೋ ಬೇಡವೋ ಎನ್ನುವಲ್ಲಿ ಜಗಳ ಶುರುವಾಗುತ್ತಿತ್ತು. ಧರ್ಮಕ್ಕೆ ಸಿಕ್ಕಿದ್ದಕ್ಕೆ ಬೆಲೆ ಇರುವುದಿಲ್ಲ ಎಂದು ಭಾವ. ಪಂಪಿನ ಕರೆಂಟು ಧರ್ಮಕ್ಕೆ ಎಂದ ಮೇಲೆ ತೋಟಕ್ಕೆ ಬಿಟ್ಟ ನೀರು ರಸ್ತೆಗೆ ಹರಿದರೂ ಸ್ವಿಚ್ ತೆಗೆಯುವವರಿಲ್ಲ, ನೋಡಿ ಬಾ ಎಂದು ಸವಾಲು. ಗೊಬ್ಬರದ ಚೀಲ ಹೊತ್ತು ತರುವಾಗ ಅದರೊಳಗಿನ ಸಬ್ಸಿಡಿ ನಿನಗೆ ಭಾರ ಆಗಲಿಲ್ಲವಾ ಎಂದು ಕಾಕ. ನಾನು ಹಾಕುವುದು ಹಟ್ಟಿಗೊಬ್ಬರ ಎಂದು ಭಾವ. ದನದ ಹಟ್ಟಿ ಕಟ್ಟಲಿಕ್ಕೆ ಪಂಚಾಯತಿನಿಂದ ಎಂತ ಬಂತು ಎಂದು ಕಾಕ. ಅಲ್ಲಿಗೆ ಅಕ್ಕ ಚಹಾ ತಂದಿಡುತ್ತಿದ್ದಳು.

ಊರಿನಲ್ಲಿ ಎಲ್ಲರೂ ಉಚಿತ ಕರೆಂಟಿಗೆ ಹೆಸರು ಬರೆಸಿದರೂ ಭಾವ ಬರೆಸಲಿಲ್ಲ. ಬರೆಸಿದ್ದರೂ ಪ್ರಯೋಜನ ಅಷ್ಟಕ್ಕಷ್ಟೇ. ಆ ಮೆಶಿನ್ ಇಡೀ ದಿನ ಓಡಿದರೆ ಉಚಿತದ ಮಿತಿ ದಾಟಿಬಿಡುತ್ತದೆ. “ನಿನ್ನ ಉಸಿರೇ ಮಿತಿ ದಾಟಿದೆ ಮಾರಾಯ, ಸರ್ಕಾರ ಎಂತ ಮಾಡುವುದು?” ಎಂದು ಕಾಕ ತಮಾಷೆ ಮಾಡುತ್ತಿದ್ದರು. ಇಂಥ ಮಾತು ಬೇರೆ ಯಾರಾದರೂ ಆಡಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಕಾಕನಿಗೆ ಆ ಸಲುಗೆ ಇತ್ತು.

ಸಲುಗೆ ಯಾಕೆ ಇತ್ತೆಂದು ಹೇಳುತ್ತೇನೆ. ಭಾವನಿಗೆ ನಾಲ್ಕು ಶಬ್ದ ಆಡುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. ಮಾತು ಅಲ್ಲಿಯೇ ನಿಲ್ಲಿಸಿ, ಕಣ್ಣು ಮುಚ್ಚಿ, ಗಾಳಿ ಎಳೆದುಕೊಂಡು ಮುಂದಿನ ನಾಲ್ಕು ಶಬ್ದ. ನಾವೆಲ್ಲ ಆ ನಡುವಿನಲ್ಲಿ ಬಾಯಿ ಹಾಕುತ್ತಿದ್ದೆವು. ಅವರ ವಾಕ್ಯವನ್ನು ನಾವೇ ಮುಗಿಸಿ ಉಪಕಾರ ಮಾಡಿದ ಹಾಗೆ ಬೀಗುತ್ತಿದ್ದೆವು. ಕಾಕ ಮಾತ್ರ ಎಂದೂ ನುಗ್ಗಿದವರಲ್ಲ. ಉತ್ತರ ನಾಲಗೆಯ ತುದಿಯಲ್ಲಿದ್ದರೂ ಅಂಗಳ ನೋಡುತ್ತ ಕಾಯುತ್ತಿದ್ದರು. ವಾಕ್ಯ ಮುಗಿದ ಮೇಲೆಯೇ ಹೊಡೆತ. ಎದುರಾಳಿಯನ್ನು ಇಷ್ಟು ಮರ್ಯಾದೆಯಿಂದ ಸೋಲಿಸಲು ನೋಡುವ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ನಾನು ಮೂಡುಬಿದಿರೆಯಲ್ಲಿ ಇರುವವಳು, ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ. ರಜೆ ಸಿಕ್ಕಿದಾಗಲೆಲ್ಲ ವೇಣೂರು ದಾರಿಯಾಗಿ ಕಕ್ಕಿಂಜೆಗೆ ಓಡುತ್ತಿದ್ದೆ. ಕಳೆದ ವರ್ಷ ಮಳೆ ಹಿಡಿದ ಹೊಸತರಲ್ಲಿ ಹಾಗೆ ಹೋದಾಗಲೇ ಘಾಟಿಯ ಕಡೆ ಮರಗಳು ಲೈನಿನ ಮೇಲೆ ಬಿದ್ದು ಕರೆಂಟು ಹೋಯಿತು. ಇನ್ವರ್ಟರಿನ ಬ್ಯಾಟರಿ ಬೆಳಗಾಗುವುದರೊಳಗೆ ಕೈಕೊಟ್ಟಿತು. ಆಪತ್ತಿಗೆಂದು ಇಟ್ಟಿದ್ದ ಆಕ್ಸಿಜನ್ ಸಿಲಿಂಡರಿನಲ್ಲಿ ಮರುದಿನ ದೂಡಿದೆವು. ನೆರೆಮನೆಯವರು ಜನರೇಟರು ತಂದು ಅಂಗಳದಲ್ಲಿ ಚಾಲೂ ಮಾಡಿದರು. ಡೀಸೆಲ್ ಹೊಗೆ ಒಂದು ಸುತ್ತು ಒಳಗೆ ಬಂದದ್ದೇ ತಡ, ಭಾವ ಕೆಮ್ಮಿ ಕೆಮ್ಮಿ ತುಟಿಯೆಲ್ಲ ನೀಲಿ. ನಿಲ್ಲಿಸಿದರು. ನಾನು ವಿದ್ಯುತ್ ಕಚೇರಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅಲ್ಲಿದ್ದವರು, ನಮ್ಮವರು ಕಾಡಿನಲ್ಲಿ ಕಂಬದ ಮೇಲೆಯೇ ಇದ್ದಾರೆ ಮೇಡಂ ಎಂದು ಸಮಾಧಾನವಾಗಿ ಹೇಳಿ ಫೋನು ಇಟ್ಟರು.

ಆ ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಬಂತು. ಸಿಲಿಂಡರಿನ ಮುಳ್ಳು ಕೆಳಗೆ ಬಂದಿತ್ತು. ಕಾಕ ಜೀಪು ತಂದು ಅಂಗಳದಲ್ಲೇ ನಿಲ್ಲಿಸಿದರು. ಅವರು ಆ ಬೇಸಿಗೆಯಲ್ಲಷ್ಟೇ ಸಬ್ಸಿಡಿಯಲ್ಲಿ ಮನೆಯ ಚಾವಣಿಗೆ ಸೋಲಾರ್ ಹಾಕಿಸಿದ್ದರು. ಅದಾದ ಮೇಲೆ ಬಿಸಿಲಿರುವಾಗ ಲೈನು ಇಷ್ಟು ಹೊತ್ತು ಹೋದದ್ದು ಇದೇ ಮೊದಲು.

“ನಮ್ಮಲ್ಲಿಗೆ ಹೋಗುವ,” ಎಂದರು. “ಲೈನು ಹೋದರೆ ಹೋಗಲಿ. ನನ್ನ ಮಾಡಿನ ಮೇಲೆ ಸೂರ್ಯ ಉಂಟು.”

ಭಾವನಿಗೆ ವಾದ ಮಾಡುವ ತ್ರಾಣ ಇರಲಿಲ್ಲ. ಅವರನ್ನೂ ಮೆಶಿನನ್ನೂ ಎತ್ತಿ ಜೀಪಿಗೆ ಹಾಕಿದೆವು. ಕಾಕನ ಮನೆ ತಲುಪಿದಾಗ ಮಾಡಿನ ಮೇಲಿನ ಹಲಗೆಗಳು ಬಿಸಿಲಿಗೆ ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತಿದ್ದವು. ಅದನ್ನು ನೋಡಿ ನನಗೆ ಜೀವ ಬಂತು. ಮೆಶಿನಿನ ಪ್ಲಗ್ ಹಾಕಿದರು. ಏನೂ ಇಲ್ಲ. ಕಾಕ ಇನ್ನೊಂದು ಸ್ವಿಚ್ ಒತ್ತಿದರು, ಒಳಗಿನ ಕೋಣೆಗೆ ಓಡಿದರು, ಅಡುಗೆಮನೆಗೆ ಓಡಿದರು. ಇಡೀ ಮನೆಯಲ್ಲಿ ಒಂದು ಬಲ್ಬು ಉರಿಯಲಿಲ್ಲ. ತಲೆಯ ಮೇಲೆ ಅಷ್ಟು ಸೂರ್ಯ ಇಟ್ಟುಕೊಂಡು ಆ ಮನುಷ್ಯ ಪ್ಲಗ್ ಹಿಡಿದು ನಿಂತುಬಿಟ್ಟರು.

ಪ್ಲಗ್ ಕೆಳಗಿಟ್ಟು ಕಾಕ ಜೀಪು ಹತ್ತಿದರು, ಬೆಳ್ತಂಗಡಿಯಿಂದ ಸಿಲಿಂಡರ್ ತರಲಿಕ್ಕೆ. ಭಾವನನ್ನು ಮತ್ತೆ ಅಷ್ಟು ದೂರ ಜೀಪಿನಲ್ಲಿ ಕುಲುಕಿಸುವ ಹಾಗಿರಲಿಲ್ಲ. ಅವರು ಬರುವವರೆಗೆ ಅಕ್ಕ ಭಾವನ ಬೆನ್ನಿಗೆ ತನ್ನ ಎದೆ ಕೊಟ್ಟು ಕೂತಳು. ಬಿಡಿ, ಎಳೆಯಿರಿ, ಬಿಡಿ, ಎಳೆಯಿರಿ ಎಂದು ಕಿವಿಯಲ್ಲಿ ಹೇಳುತ್ತ ತಾನೂ ಅವರ ಜೊತೆಗೇ ಉಸಿರಾಡಿದಳು. ಕಾಕನ ಹೆಂಡತಿ ಬೀಸಣಿಗೆ ಬೀಸುತ್ತಿದ್ದರು. ನನಗೆ ಮಾಡಲಿಕ್ಕೆ ಏನೂ ಇರಲಿಲ್ಲ, ಗೇಟಿನ ಹತ್ತಿರ ಹೋಗಿ ನಿಂತೆ. ಅಂತೂ ಸಿಲಿಂಡರ್ ಬಂತು. ತುಟಿಯ ಬಣ್ಣ ತಿರುಗಿದ ಮೇಲೆ ಭಾವ ಕಣ್ಣು ಬಿಟ್ಟು ಕಾಕನನ್ನು ಹುಡುಕಿದರು.

“ನಿನ್ನ ಸಬ್ಸಿಡಿ ಸೂರ್ಯ... ಕರೆಂಟು ಇದ್ದರೆ ಮಾತ್ರ... ಹುಟ್ಟುವುದಾ?”

ನಾವೆಲ್ಲ ನಕ್ಕೆವು, ಅತ್ತ ಹಾಗೆ. ಕಾಕ ನಗಲಿಲ್ಲ. ಹೊರಗೆ ಹೋಗಿ ಜೀಪಿಗೆ ಒರಗಿ ನಿಂತರು.

ಕರೆಂಟು ಬಂದ ಮೇಲೆ ನಾನು ರಜೆ ಹಾಕಿ ಬಂಟ್ವಾಳಕ್ಕೆ ಹೋದೆ. ಸೋಲಾರ್ ಹಾಕಿಕೊಟ್ಟವನ ಅಂಗಡಿ ಇರುವುದು ಅಲ್ಲಿ. ಅವನ ಗ್ರಹಚಾರ ಬಿಡಿಸಬೇಕು ಎಂದೇ ಹೊರಟದ್ದು. ಆತ ನನಗೆ ಸಾವಧಾನವಾಗಿ ಕುರ್ಚಿ ಕೊಟ್ಟು ವಿವರಿಸಿದ. ಸಬ್ಸಿಡಿಯಲ್ಲಿ ಜನ ಹಾಕಿಸುವ ಸೋಲಾರ್ ಹೆಚ್ಚಿನದ್ದು ಲೈನಿಗೆ ಜೋಡಿಸಿದ್ದು. ಹಗಲು ಹೆಚ್ಚಾದ ಕರೆಂಟು ಲೈನಿಗೆ ಹೋಗುತ್ತದೆ. ಲೈನು ಸತ್ತರೆ ಇದೂ ತಾನಾಗಿ ನಿಲ್ಲಬೇಕು, ಇಲ್ಲದಿದ್ದರೆ ಮನೆಯ ಕರೆಂಟು ಹಿಂದಕ್ಕೆ ಹರಿದು ಕಂಬದ ಮೇಲೆ ರಿಪೇರಿ ಮಾಡುವವನನ್ನು ಕೊಲ್ಲುತ್ತದೆ. ಲೈನು ಇಲ್ಲದಾಗಲೂ ಬೇಕೆಂದರೆ ಬ್ಯಾಟರಿಯದ್ದು ಬೇರೆ ಹಾಕಿಸಬೇಕು. ಘಾಟಿ ಬುಡದಲ್ಲಿ ವಾರಗಟ್ಟಲೆ ಮೋಡ ಹಿಡಿದರೆ ಅದೂ ನಂಬಿಕೆಯದ್ದಲ್ಲ ಎಂದು ಅವನೇ ಹೇಳಿದ. ಬೈಯಲಿಕ್ಕೆ ಹೋದವಳು ಅವನ ಅಂಗಡಿಯ ಎಳನೀರು ಕುಡಿದು ಬಂದೆ. ಭಾವನಿಗೆ ಹೇಳಿದಾಗ ಅವರು ತಲೆಯಾಡಿಸಿ, ಸರಿಯಾಗಿಯೇ ಮಾಡಿದ್ದಾರೆ, ಕಂಬದ ಮೇಲಿನವನಿಗೂ ಮನೆ ಉಂಟು ಎಂದರು. ತಮ್ಮ ಪ್ರಾಣ ತೆಗೆಯುವುದರಲ್ಲಿದ್ದ ಕಾರಣವನ್ನು ಹೀಗೆ ನ್ಯಾಯವಾಗಿ ಒಪ್ಪಿಕೊಳ್ಳುವವರನ್ನು ಏನೆನ್ನಬೇಕು? ನಾನಾದರೆ ಒಪ್ಪುತ್ತಿರಲಿಲ್ಲ.

ಆದರೆ ಕಾಕ ಬರುವುದನ್ನು ನಿಲ್ಲಿಸಿದ್ದರು. ಸಂಜೆ ಭಾವನ ಎದುರಿನ ಕುರ್ಚಿ ಖಾಲಿ. ಮೆಶಿನಿನ ಗುರುಗುರು ಮಾತ್ರ. ಇದೇ ಸಮಯ ಎಂದು ನಾನು ನನ್ನ ಹಳೆಯ ಹಟ ಎತ್ತಿದೆ. ಮೂಡುಬಿದಿರೆಯಲ್ಲಿ ಆಸ್ಪತ್ರೆಯ ಪಕ್ಕದಲ್ಲೇ ಒಂದು ಬಾಡಿಗೆ ಮನೆ ನೋಡಿದ್ದೇನೆ, ಅಲ್ಲಿ ಕರೆಂಟು ಹೋದರೂ ಬೇಗ ಬರುತ್ತದೆ, ಈ ಕಾಡಿನ ಬುಡದಲ್ಲಿ ಇನ್ನೊಂದು ಮಳೆಗಾಲ ಕಳೆಯುವುದು ಬೇಡ ಎಂದೆ. ಭಾವ ನನ್ನನ್ನು ನೋಡಿ ಆಯ್ತು ಎಂದರು. ಅಷ್ಟೇ. ನಾನು ಗೆದ್ದೆ ಎಂದುಕೊಂಡು ಅಡುಗೆಮನೆಗೆ ಹೋದರೆ ಅಕ್ಕ ಬಿಳುಚಿಕೊಂಡು ನಿಂತಿದ್ದಳು.

“ಒಂದು ಮಾತು ಎದುರಾಡದೆ ಒಪ್ಪಿದರು,” ಎಂದಳು. “ಇವರು ಇನ್ನು ಹೆಚ್ಚು ದಿನ ಇರುವುದಿಲ್ಲ.”

ನಾನು ಎಂಥ ಮಾತು ಇದು ಎಂದು ರೇಗಿದೆ. ಆದರೆ ಅವಳು ಹೇಳಿದ್ದು ಸರಿ ಎಂದು ನನಗೂ ಗೊತ್ತಾಗಿತ್ತು. ವಾದ ಬಿಟ್ಟ ಭಾವ ಎಂದರೆ ಉಸಿರು ಬಿಡಲು ತಯಾರಾದ ಭಾವ.

ಮರುದಿನ ಅಕ್ಕ ಕೊಡೆ ಹಿಡಿದು ಗುಡ್ಡೆ ಹತ್ತಿದಳು. ಮೇಲಿನ ಮನೆಯವರಲ್ಲಿ, ಲೈನು ಬರುವುದಕ್ಕೆ ಮೊದಲು, ಗುಡ್ಡೆಯಿಂದ ಹರಿದು ಬರುವ ತೋಡಿನ ನೀರನ್ನು ಪೈಪಿನಲ್ಲಿ ಕೆಳಗಿಳಿಸಿ ಸಣ್ಣ ಚಕ್ರ ತಿರುಗಿಸಿ ಕರೆಂಟು ಮಾಡುವ ಯಂತ್ರ ಇತ್ತು. ಘಾಟಿ ಬುಡದ ಎಷ್ಟೋ ಮನೆಗಳಿಗೆ ಆಗ ಸಬ್ಸಿಡಿಯಲ್ಲಿ ಬಂದದ್ದು. ಲೈನು ಬಂದ ಮೇಲೆ ಅದನ್ನು ಕೇಳುವವರಿಲ್ಲ, ಸೌದೆ ಕೊಟ್ಟಿಗೆಯ ಮೂಲೆಗೆ ಬಿದ್ದಿತ್ತು. ಅಕ್ಕನ ಲೆಕ್ಕಾಚಾರ ಸರಳ. ಯಾವ ಮಳೆ ಲೈನು ಬೀಳಿಸುತ್ತದೋ ಅದೇ ಮಳೆ ತೋಡು ತುಂಬಿಸುತ್ತದೆ. ಗುಜರಿಗೆ ಹಾಕುವುದಿತ್ತು, ಕೊಂಡುಹೋಗಿ ಎಂದರಂತೆ ಆ ಮನೆಯವರು. ಜೇಡರ ಬಲೆ ಸಮೇತ ಅದನ್ನು ರಿಕ್ಷಾದಲ್ಲಿ ಹಾಕಿಸಿಕೊಂಡು ಬರುವಾಗ ಅವಳು ಕಾಕನ ಅಂಗಡಿಯ ಎದುರು ರಿಕ್ಷಾ ನಿಲ್ಲಿಸಿದಳು. ಗಿರಾಕಿಗಳೆಲ್ಲ ನೋಡುತ್ತಿದ್ದ ಹಾಗೆ, ನಿಮ್ಮ ಗೆಳೆಯರು ವಾದ ಮಾಡದೆ ಮೂಡುಬಿದಿರೆಗೆ ಹೋಗಲಿಕ್ಕೆ ಒಪ್ಪಿದ್ದಾರೆ, ನಿಮಗೆ ನಾಚಿಕೆ ಆಗಿದ್ದರೆ ಅದನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ, ಸಂಜೆ ಬಂದು ಜಗಳ ಮಾಡಿ ಎಂದು ಹೇಳಿ ಬಂದಳು. ಇಷ್ಟು ವರ್ಷ ಚಹಾ ಇಟ್ಟು ಒಳಗೆ ಹೋಗುತ್ತಿದ್ದ ನನ್ನ ಅಕ್ಕ! ನನಗೆ ಅವಳ ಕಾಲಿಗೆ ಬೀಳಬೇಕು ಎನಿಸಿತು.

ಕಾಕ ಬಂದರು. ಕುರ್ಚಿಯ ತುದಿಯಲ್ಲಿ ಕೂತರು. ಭಾವ ಅಂಗಳದಲ್ಲಿದ್ದ ಯಂತ್ರದ ಕಡೆ ಗದ್ದ ಎತ್ತಿ ತೋರಿಸಿದರು. ಸಬ್ಸಿಡಿಯಲ್ಲಿ ಬಂದ ಯಂತ್ರ, ಅದನ್ನು ಇವಳು ಧರ್ಮಕ್ಕೆ ತಂದಿದ್ದಾಳೆ, ಎರಡು ಸಲ ಧರ್ಮ, ನನಗೆ ಬೇಡ ಎಂದು ತುಂಡು ತುಂಡಾಗಿ ಹೇಳಿದರು. ಕಾಕ ಕೊನೆಯ ತುಂಡಿನವರೆಗೂ ಕಾದರು. ಮತ್ತೆ ನಿಧಾನವಾಗಿ ಬಾಯಿ ತೆರೆದರು.

“ನಮ್ಮಲ್ಲಿ ಝಕಾತ್ ಉಂಟಲ್ಲ, ಇದ್ದವ ಇಲ್ಲದವನಿಗೆ ಕೊಡಲೇಬೇಕಾದ್ದು, ಅದನ್ನು ತಕೊಳ್ಳುವವ ತಲೆ ತಗ್ಗಿಸಲಿಕ್ಕಿಲ್ಲ. ಅದು ಕೊಡುವವನ ಧರ್ಮ ಅಲ್ಲ, ತಕೊಳ್ಳುವವನ ಪಾಲು. ಅಷ್ಟು ದಿನ ಇನ್ನೊಬ್ಬನ ಕಿಸೆಯಲ್ಲಿ ಇತ್ತು, ಅಷ್ಟೇ. ನೀನು ಆ ಕ್ಯಾಂಪಿನಲ್ಲಿ ಹೊಗೆ ಕುಡಿದು ಊರಿಗೆ ಹಣ ಕಳಿಸಿದ್ದೀಯ. ಸಾಬೂನು ತಕೊಂಡರೂ ಸಿಮೆಂಟು ತಕೊಂಡರೂ ಅದರಲ್ಲಿ ಸರ್ಕಾರಕ್ಕೆ ಟ್ಯಾಕ್ಸ್ ಹೋಗಿದೆ. ಈಗ ನಿನ್ನ ಪಾಲು ನಿನ್ನ ಮನೆಗೆ ಬರುವಾಗ ಅದಕ್ಕೆ ಧರ್ಮ ಅಂತ ಹೆಸರು ಇಡಬೇಡ.”

ಭಾವ ಕಣ್ಣು ಮುಚ್ಚಿದರು. ಉಸಿರು ಎಳೆದುಕೊಳ್ಳುತ್ತಿದ್ದಾರೆ, ಈಗ ಉತ್ತರ ಬರುತ್ತದೆ ಎಂದು ನಾವು ಕಾದೆವು. ಒಳಗಿನಿಂದ ಅಕ್ಕ ಬಾಗಿಲಿಗೆ ಬಂದು ನಿಂತಳು.

“ತೋಡಿನಿಂದ ಇಲ್ಲಿಗೆ,” ಎಂದರು ಭಾವ ಕೊನೆಗೆ, “ಪೈಪು ಎಷ್ಟು ಬೇಕಾದೀತು?”

ಶಿರ್ತಾಡಿಯ ಕಡೆಯ ಒಬ್ಬ ಮೆಕ್ಯಾನಿಕನನ್ನು ನಾನೇ ಹುಡುಕಿ ಕಳಿಸಿದೆ. ರಬ್ಬರು ಮರಗಳ ನಡುವೆ ಪೈಪು ಇಳಿಯಿತು, ಚಕ್ರ ತಿರುಗಿತು, ಇನ್ವರ್ಟರಿನ ಬ್ಯಾಟರಿಗೆ ಕರೆಂಟು ಹತ್ತಿತು. ಪೈಪಿನ ಬಾಯಿಗೆ ತರಗೆಲೆ ಕಟ್ಟಿದರೆ ಚಕ್ರ ನಿಲ್ಲುತ್ತದೆ. ಹಾಗಾಗಿ ಅಕ್ಕ ಮಳೆಕೋಟು ಹಾಕಿಕೊಂಡು ಹೊತ್ತುಹೊತ್ತಿಗೆ ತೋಡಿಗೆ ಹೋಗಿ ಎಲೆ ತೆಗೆದು ಬರುತ್ತಾಳೆ. ಬೇಸಿಗೆಯಲ್ಲಿ ತೋಡು ಒಣಗುತ್ತದೆ. ಆಗ ಲೈನು ಬೀಳುವುದೂ ಕಡಿಮೆ. ಬಾಡಿಗೆ ಮನೆ ಬೇಡವೆಂದು ಹೇಳಿಬಿಟ್ಟೆ. ಆದರೂ ಒಳಗೊಳಗೇ ಹೆದರಿಕೆ ಇತ್ತು. ಅದನ್ನು ಕೂರಿಸುವಾಗ ಮಳೆಗಾಲದ ಆರ್ಭಟ ಮುಗಿದಿತ್ತು. ದಿನಗಟ್ಟಲೆ ಲೈನು ಇಲ್ಲದಿದ್ದರೆ ಅದು ಭಾವನನ್ನು ಉಳಿಸುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಈ ವರ್ಷ ಗೊತ್ತಾಯಿತು. ಮಳೆ ಕಳೆದ ವರ್ಷಕ್ಕಿಂತ ಜೋರು. ಕಂಬಗಳು ಸಾಲಾಗಿ ಬಿದ್ದ ಸುದ್ದಿ ಬಂತು, ಆಮೇಲೆ ಸುದ್ದಿಯೂ ಬರಲಿಲ್ಲ. ಅಕ್ಕನ ಫೋನಿಗೆ ಕರೆ ಹೋಗುತ್ತಿರಲಿಲ್ಲ, ಕಾಕನದ್ದಕ್ಕೂ. ಎರಡು ದಿನ ತಡೆದೆ, ಮೂರನೆಯ ದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಪೇಟೆಯಿಂದ ಒಳಗೆ ರಿಕ್ಷಾ ಬರುವುದಿಲ್ಲ, ಮರ ಅಡ್ಡ ಬಿದ್ದಿದೆ ಎಂದರು. ಕೆಸರಿನಲ್ಲಿ ನಡೆದೆ. ಪೇಟೆಯ ಕೊನೆಯಲ್ಲಿ ಕಾಕನ ಅಂಗಡಿಯ ಬಾಗಿಲು ಎಳೆದಿತ್ತು. ಅದನ್ನು ನೋಡಿದ ಮೇಲೆ ನನ್ನ ಕಾಲು ನನ್ನ ಮಾತು ಕೇಳಲಿಲ್ಲ, ಓಡಲು ಶುರುಮಾಡಿತು.

ಅಂಗಳಕ್ಕೆ ಬಂದಾಗ ಮೆಟ್ಟಿಲ ತುಂಬ ಚಪ್ಪಲಿ. ಗಂಡಸರದ್ದು, ಹೆಂಗಸರದ್ದು, ಮಕ್ಕಳದ್ದು. ಹಗಲು ಹೊತ್ತು ಒಂದು ಮನೆಯ ಎದುರು ಅಷ್ಟು ಚಪ್ಪಲಿ ಬಿದ್ದಿದ್ದರೆ ನಮ್ಮಲ್ಲಿ ಯಾರೂ ಕಾರಣ ಕೇಳುವುದಿಲ್ಲ. ಒಳಗಿನಿಂದ ಕಾಕನ ಸ್ವರ ಒಂದೇ ಕೇಳುತ್ತಿತ್ತು. ಸಾವಿನ ಮನೆಯಲ್ಲಿ ಹಿರಿಯರು ಮಾತಾಡುವ ಹಾಗೆ ತಗ್ಗಿಸಿದ ಸ್ವರ. ಏನು ಹೇಳುತ್ತಿದ್ದಾರೆಂದು ನನ್ನ ತಲೆಗೆ ಹೋಗಲಿಲ್ಲ. ನನ್ನ ಬ್ಯಾಗು ಕೆಸರಿಗೆ ಬಿತ್ತು. ಕಾಕನ ಮಾತು ನಿಂತಿತು. ಆ ಮೌನ ಮುಗಿಯುವುದೇ ಇಲ್ಲ ಎನಿಸಿತು.

“ಅಲ್ಲ,” ಎಂದಿತು ಒಂದು ಸೋತ ಸ್ವರ. ಉಸಿರು ಎಳೆದುಕೊಂಡಿತು. “ಅಲ್ಲ ಮಾರಾಯ. ಸರ್ಕಾರ ಇಂಥದ್ದಕ್ಕೆ... ಕೊಡಲೇಬೇಕು. ಬೇಡ ಅಂತ... ನೀನು ಹೇಗೆ ಹೇಳ್ತಿ?”

ಸುತ್ತಲಿನ ಮನೆಗಳವರೆಲ್ಲ, ಟವರು ಸರಿಯಾಗುವಾಗ ಬೇಕಲ್ಲ ಎಂದು, ತೋಡಿನ ಕರೆಂಟಿನಲ್ಲಿ ಫೋನು ಚಾರ್ಜಿಗೆ ಇಟ್ಟು ಇವರಿಬ್ಬರ ಜಗಳ ಕೇಳುತ್ತ ಕೂತಿದ್ದರು. ಕಾಕ ಈಗ ಸಬ್ಸಿಡಿಯ ವಿರುದ್ಧ, ಭಾವ ಪರ. ಇಬ್ಬರಲ್ಲಿ ಯಾರು ಯಾವಾಗ ಪಕ್ಷ ಬದಲಾಯಿಸಿದರೋ, ಭಾವನಿಗೆ ಎದುರಾಡಲು ಏನಾದರೂ ಇರಬೇಕು ಎಂದು ಕಾಕ ಬೇಕೆಂದೇ ಆ ಕಡೆ ಹೋಗಿ ಕೂತರೋ, ನಾನು ಇವತ್ತಿನವರೆಗೂ ಕೇಳಿಲ್ಲ. ಆಗ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಮೆಟ್ಟಿಲಿನ ಮೇಲೆ, ಯಾರ ಯಾರದೋ ಒದ್ದೆ ಚಪ್ಪಲಿಗಳ ನಡುವೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಒಳಗೆ ಭಾವನ ವಾಕ್ಯ ಇನ್ನೂ ಮುಗಿದಿರಲಿಲ್ಲ, ಕಾಕ ಕಾಯುತ್ತಿದ್ದರು.